ಕುರ್ತಾ ಹಾಳಾಗುವುದು ಮೆಷಿನ್ ಮುಂದೆ ಕೂರುವ ಮೊದಲೇ

ಪ್ರಶ್ನೆ: ಅಕ್ಕ, ನಮಸ್ಕಾರ. ನಾನು ಇರುವುದು ಸುರತ್ಕಲ್‌ನಲ್ಲಿ. ಅತ್ತೆಯವರ ಹಳೇ ಕಪ್ಪು ಹೊಲಿಗೆ ಮೆಷಿನ್ ಮೂಲೆಯಲ್ಲಿ ಬಿದ್ದಿತ್ತು, ಕಾಲಲ್ಲಿ ತುಳಿಯುವಂಥದ್ದು. ಅದನ್ನು ಒರೆಸಿ, ವಿಡಿಯೋ ನೋಡಿಕೊಂಡು ಎರಡು ಕಾಟನ್ ಕುರ್ತಾ ಹೊಲಿದೆ. ಮೊದಲನೆಯದು ಒಗೆದ ಮೇಲೆ ಗಿಡ್ಡ ಆಯಿತು, ಪಕ್ಕದ ಹೊಲಿಗೆ ತಿರುಗಿ ಹೊಟ್ಟೆಯ ಮೇಲೆ ಬಂತು. ಎರಡನೆಯದರಲ್ಲಿ ಕೈ ಎತ್ತಿದರೆ ಇಡೀ ಕುರ್ತಾ ಮೇಲೆ ಬರುತ್ತದೆ, ಕಂಕುಳಲ್ಲಿ ಎಳೆಯುತ್ತದೆ. ಬಿಗಿ ಆಯಿತೇನೋ ಅಂತ ಆರ್ಮ್‌ಹೋಲ್, ಅಂದರೆ ತೋಳು ಕೂಡಿಸುವ ತೂತನ್ನು, ಇನ್ನಷ್ಟು ಕೆಳಗೆ ಕತ್ತರಿಸಿದೆ, ಎಳೆತ ಇನ್ನೂ ಜಾಸ್ತಿ ಆಯಿತು. ನೂಲು ಬೇರೆ ಪದೇ ಪದೇ ತುಂಡಾಗುತ್ತದೆ. ಹೊಸ ಮೋಟಾರ್ ಮೆಷಿನ್ ತೆಗೆದುಕೊಳ್ಳೋಣ ಅಂತಾರೆ ಮನೆಯವರು. ತೆಗೆದುಕೊಳ್ಳಲಾ, ಕ್ಲಾಸಿಗೆ ಹೋಗಲಾ, ಅಥವಾ ಇದೆಲ್ಲ ಬಿಟ್ಟು ರೆಡಿಮೇಡೇ ಒಳ್ಳೆಯದಾ?

ಉತ್ತರ: ಬಿಡಬೇಡಿ. ಹೊಸ ಮೆಷಿನ್ ಕೂಡ ಈಗ ಬೇಡ.

ನೀವು ಬರೆದ ನಾಲ್ಕು ತೊಂದರೆಗಳಲ್ಲಿ ಮೂರಕ್ಕೂ ಮೆಷಿನ್‌ಗೂ ಸಂಬಂಧವೇ ಇಲ್ಲ. ಗಿಡ್ಡ ಆದದ್ದು, ತಿರುಗಿದ್ದು, ಕಂಕುಳಲ್ಲಿ ಎಳೆದದ್ದು, ಈ ಮೂರೂ ನೀವು ಸೂಜಿಗೆ ನೂಲು ಪೋಣಿಸುವ ಮೊದಲೇ ಆಗಿಹೋಗಿದ್ದವು. ಉಡುಪಿಯಲ್ಲಿ 25 ವರ್ಷದಿಂದ ಹೊಲಿಗೆ ಕಲಿಸುತ್ತಿದ್ದೇನೆ. ಬಂದವರೆಲ್ಲ ಮೊದಲ ದಿನವೇ ಮೆಷಿನ್ ಮೇಲೆ ಕೂರಬೇಕು ಅನ್ನುತ್ತಾರೆ. ಅದು ಸಹಜ. ಆದರೆ ನೇರ ಹೊಲಿಗೆ ಹಾಕಲು ಒಂದು ವಾರ ಸಾಕು. ಬಟ್ಟೆಯನ್ನು ಓದಲು, ಮೈಯನ್ನು ಅಳೆಯಲು ಕಲಿಯುವುದಕ್ಕೆ ತಿಂಗಳುಗಳು ಬೇಕು, ವಿಡಿಯೋದಲ್ಲಿ ಎರಡೇ ನಿಮಿಷದಲ್ಲಿ ದಾಟಿಸಿಬಿಡುವುದೂ ಅದನ್ನೇ. ಮೋಟಾರ್ ಇದ್ದಿದ್ದರೆ ನಿಮ್ಮ ಎರಡು ಕುರ್ತಾ ಇದೇ ರೀತಿ ಹಾಳಾಗುತ್ತಿದ್ದವು, ಸ್ವಲ್ಪ ಬೇಗ ಹಾಳಾಗುತ್ತಿದ್ದವು ಅಷ್ಟೇ.

ಮೊದಲು ಗಿಡ್ಡ ಆದದ್ದರ ವಿಷಯ. ಅಂಗಡಿಯಿಂದ ತಂದ ಕಾಟನ್ ಬಟ್ಟೆಯನ್ನು ನೆನೆಸದೆ ಕತ್ತರಿಸಿದ್ದೀರಿ, ಅಲ್ವಾ? ಮಗ್ಗದಲ್ಲಾಗಲಿ ಮಿಲ್ಲಿನಲ್ಲಾಗಲಿ ನೂಲನ್ನು ಬಿಗಿಯಾಗಿ ಎಳೆದು ಹಿಡಿದೇ ನೇಯುವುದು. ನೀರು ಬಿದ್ದ ತಕ್ಷಣ ಆ ಬಿಗಿ ಸಡಿಲಾಗಿ ನೂಲು ತನ್ನ ಸ್ವಂತ ಉದ್ದಕ್ಕೆ ಮರಳುತ್ತದೆ. ಕಾಟನ್ ಸಾಮಾನ್ಯವಾಗಿ 3ರಿಂದ 5% ಕುಗ್ಗುತ್ತದೆ, ಕೆಲವು ಇನ್ನೂ ಜಾಸ್ತಿ. 4% ಅಂದರೆ ಏನು ದೊಡ್ಡದು ಅನಿಸಬಹುದು. 44 ಇಂಚು ಉದ್ದದ ಕುರ್ತಾಕ್ಕೆ ಲೆಕ್ಕ ಹಾಕಿ ನೋಡಿ, ಒಂದೂ ಮುಕ್ಕಾಲು ಇಂಚು ಹೋಯಿತು. ಎದೆಯ ಸುತ್ತಿನಲ್ಲೂ ಒಂದಿಷ್ಟು ಹೋಯಿತು.

ಹಾಗಾಗಿ ಬಟ್ಟೆ ತಂದ ದಿನವೇ ಬಕೆಟ್ ನೀರಿನಲ್ಲಿ ರಾತ್ರಿಯಿಡೀ ನೆನೆಸಿ. ಸೋಪು ಬೇಡ. ಬಣ್ಣದ ಬಟ್ಟೆ ಬೇರೆ ಬಕೆಟ್‌ನಲ್ಲಿ. ಉಪ್ಪು ಹಾಕಿದರೆ ಬಣ್ಣ ನಿಲ್ಲುತ್ತದೆ ಅಂತ ನಮ್ಮಲ್ಲಿ ತುಂಬ ಜನ ಹಾಕುತ್ತಾರೆ, ಆದರೆ ಬಣ್ಣ ಹಾಕಿ ಮುಗಿದ ಬಟ್ಟೆಗೆ ಉಪ್ಪಿನಿಂದ ಅಂಥ ಉಪಕಾರ ಏನೂ ಇಲ್ಲ. ನೀರು ತಿಳಿಯಾಗುವ ತನಕ ಬದಲಾಯಿಸುತ್ತಾ ಹೋಗುವುದೇ ಸರಿ. ನಾಲ್ಕು ನೀರು ಆದರೂ ಬಣ್ಣ ಬಿಡುತ್ತಲೇ ಇದ್ದರೆ ಆ ಬಟ್ಟೆಯನ್ನು ಬಿಳಿ ಬಟ್ಟೆಯ ಜೊತೆ ಸೇರಿಸಿ ಹೊಲಿಯಬೇಡಿ. ಹಿಂಡದೆ, ಉದ್ದಕ್ಕೆ ನೇತುಹಾಕಿ ನೆರಳಲ್ಲಿ ಒಣಗಿಸಿ. ಸ್ವಲ್ಪ ಪಸೆ ಇರುವಾಗಲೇ ಇಸ್ತ್ರಿ ಮಾಡಿ.

ಮಳೆಗಾಲದಲ್ಲಿ ಇದು ಕಷ್ಟ. ಜೂನ್‌ನಿಂದ ಸೆಪ್ಟೆಂಬರ್ ತನಕ ನಮ್ಮ ಕಡೆ ಬಟ್ಟೆ ಒಣಗುವುದೆಂದರೆ ಏನು ಅಂತ ನಿಮಗೆ ಹೇಳಬೇಕಾಗಿಲ್ಲ. ಅರ್ಧ ಒಣಗಿದ್ದನ್ನು ಮಡಚಿಟ್ಟರೆ ಕಪ್ಪು ಚುಕ್ಕೆ ಚುಕ್ಕೆಯಾಗಿ ಬೂಷ್ಟು ಹಿಡಿಯುತ್ತದೆ, ಆಮೇಲೆ ಅದು ಹೋಗುವುದಿಲ್ಲ. ನಾನು ಮಳೆಗಾಲಕ್ಕೆ ಬೇಕಾದ ಬಟ್ಟೆಯನ್ನೆಲ್ಲ ಮೇ ತಿಂಗಳಲ್ಲೇ ತಂದು, ನೆನೆಸಿ, ಒಣಗಿಸಿ ಇಟ್ಟುಬಿಡುತ್ತೇನೆ. ಮಳೆ ಹೊಯ್ಯುವಾಗ ಹೊರಗೆ ಹೋಗುವ ಕೆಲಸ ಕಡಿಮೆ, ಮನೆಯಲ್ಲಿ ಕೂತು ಹೊಲಿಯಲು ಅದಕ್ಕಿಂತ ಒಳ್ಳೆ ಸಮಯ ಬೇರೆ ಇಲ್ಲ.

ಇನ್ನು ತಿರುಗಿದ ಹೊಲಿಗೆ. ಹಾಸುಹೊಕ್ಕು ಅನ್ನುವ ಮಾತನ್ನು ನಾವು ದಿನಾ ಬಳಸುತ್ತೇವೆ. ಅದು ಮಗ್ಗದಿಂದ ಬಂದ ಮಾತು. ಉದ್ದಕ್ಕೆ ಹಾಸಿದ ನೂಲು ಹಾಸು, ಅದರ ನಡುವೆ ಅಡ್ಡಡ್ಡ ಹೊಕ್ಕು ಹೋಗುವ ನೂಲು ಹೊಕ್ಕು. ಹಾಸಿನ ನೂಲು ಗಟ್ಟಿ, ಎಳೆದರೆ ಹೆಚ್ಚು ಜಗ್ಗುವುದಿಲ್ಲ. ಹೊಕ್ಕು ಸ್ವಲ್ಪ ಜಗ್ಗುತ್ತದೆ. ಓರೆಯಾಗಿ ಎಳೆದರಂತೂ ರಬ್ಬರಿನ ಹಾಗೆ ಜಗ್ಗುತ್ತದೆ. ಈಗಲೇ ಒಂದು ಕರವಸ್ತ್ರ ಹಿಡಿದು ಮೂರೂ ಕಡೆಗೆ ಎಳೆದು ನೋಡಿ, ನಾನು ಒಂದು ಪುಟ ಬರೆದರೂ ಇಷ್ಟು ಸ್ಪಷ್ಟವಾಗಿ ಗೊತ್ತಾಗುವುದಿಲ್ಲ.

ಕುರ್ತಾದಲ್ಲಿ ಹಾಸು ನೇರವಾಗಿ ಭುಜದಿಂದ ಕೆಳಗೆ ಬರಬೇಕು. ಬಟ್ಟೆ ಉಳಿಸೋಣ ಅಂತ ಎದುರು ಭಾಗವನ್ನು ಸ್ವಲ್ಪ ಓರೆ ಇಟ್ಟು ಕತ್ತರಿಸಿದರೆ ಆ ಕ್ಷಣಕ್ಕೆ ಏನೂ ಕಾಣುವುದಿಲ್ಲ. ಹೊಲಿದಾಗಲೂ ಚೆನ್ನಾಗಿಯೇ ಕೂರುತ್ತದೆ. ಒಂದು ಸಲ ಒಗೆದಾಗ ನೂಲುಗಳು ತಮ್ಮ ದಾರಿ ಹಿಡಿದು ಕೆಳಗಿಳಿಯುತ್ತವೆ, ಅವುಗಳ ಜೊತೆ ಪಕ್ಕದ ಹೊಲಿಗೆಯೂ ತಿರುಗುತ್ತದೆ. ನಿಮಗೆ ಆದದ್ದು ಇದೇ. ಅಂಗಡಿಯಲ್ಲಿ ಕತ್ತರಿಯಿಂದ ಓರೆಯಾಗಿ ಕತ್ತರಿಸಿ ಕೊಟ್ಟ ತುದಿಯನ್ನೇ ನೇರ ಅಂತ ನಂಬಿ ಮಡಚಿದರೂ ಹೀಗೇ ಆಗುತ್ತದೆ. ಕಾಟನ್ ಬಟ್ಟೆಯನ್ನು ಪರ್ ಅಂತ ಹರಿದು ಕೊಡುವ ಅಂಗಡಿಯವರು ನಿಮಗೆ ಒಳ್ಳೆಯದನ್ನೇ ಮಾಡುತ್ತಿದ್ದಾರೆ, ಹರಿದದ್ದು ನೂಲಿನ ಗುಂಟವೇ ಹೋಗುತ್ತದೆ. ಹರಿಯದೆ ಕೊಟ್ಟಿದ್ದರೆ ತುದಿಯಲ್ಲಿ ಅಡ್ಡನೂಲು ಒಂದನ್ನು ಎಳೆದು ತೆಗೆಯಿರಿ, ಅಲ್ಲಿ ಒಂದು ಗೆರೆ ಬೀಳುತ್ತದೆ, ಆ ಗೆರೆಯ ಮೇಲೆ ಕತ್ತರಿಸಿ. ಆಮೇಲೆ ಅಂಚಿಗೆ ಅಂಚು ಸೇರಿಸಿ ಮಡಚಿ. ಮಡಚಿದ ಮೇಲೆ ಬಟ್ಟೆ ಸುಕ್ಕಾಗಿ ನಿಂತರೆ ನೇಯ್ಗೆಯೇ ಓರೆಯಾಗಿದೆ ಅಂತ ಅರ್ಥ. ಪಸೆ ಇರುವಾಗ ಎದುರುಬದುರು ಮೂಲೆಗಳನ್ನು ಹಿಡಿದು ಇಬ್ಬರು ಎಳೆದರೆ ಬಹುಪಾಲು ಸರಿಯಾಗುತ್ತದೆ.

ಅಮ್ಮನ ಅಥವಾ ಅಜ್ಜಿಯ ಉಡುಪಿ ಸೀರೆ ಮನೆಯಲ್ಲಿದ್ದು ಅದರಿಂದ ಕುರ್ತಾ ಹೊಲಿಯುವ ಆಸೆ ಇದ್ದರೆ, ಅದು ತುಂಬ ಒಳ್ಳೆಯ ಆಸೆ, ಆದರೆ ಐದಾರು ಕುರ್ತಾ ಕೈ ಪಳಗಿದ ಮೇಲೆ ಅದಕ್ಕೆ ಕತ್ತರಿ ಹಾಕಿ. ಸೀರೆಯ ಬಾರ್ಡರ್ ಹಾಸಿನ ದಿಕ್ಕಿನಲ್ಲೇ ಉದ್ದಕ್ಕೆ ಹೋಗುತ್ತದೆ. ಅದನ್ನು ಕುರ್ತಾದ ಕೆಳತುದಿಗೆ ತರಬೇಕೆಂದರೆ ಬಟ್ಟೆಯನ್ನು ಅಡ್ಡಡ್ಡ ಹಿಡಿದು ಕತ್ತರಿಸಬೇಕು, ಆಗ ಹೊಕ್ಕು ಕೆಳಮುಖವಾಗಿ ಬರುತ್ತದೆ. ತಪ್ಪೇನಿಲ್ಲ. ಕುರ್ತಾ ಇಳಿಬೀಳುವ ರೀತಿ ಬೇರೆ ಇರುತ್ತದೆ, ಅಷ್ಟು ಗೊತ್ತಿರಲಿ. ಹಳೇ ಸೀರೆಯನ್ನು ಮೊದಲು ಬೆಳಕಿಗೆ ಹಿಡಿದು ನೋಡಿ. ನೆರಿಗೆ ಮಡಚಿದ ಕಡೆ, ಸೆರಗಿಗೆ ಪಿನ್ ಚುಚ್ಚಿದ ಕಡೆ ನೂಲು ಸವೆದು ಬೆಳಕು ಜಾಸ್ತಿ ಬರುತ್ತದೆ. ಆ ಜಾಗ ಭುಜಕ್ಕೂ ಕಂಕುಳಿಗೂ ಬರದ ಹಾಗೆ ನೋಡಿಕೊಳ್ಳಿ. ಈ ಸೀರೆಗಳಿಗೆ 2016ರಲ್ಲಿ ಜಿಐ ಗುರುತು, ಅಂದರೆ ಇದು ಈ ಊರಿನದ್ದೇ ಅನ್ನುವ ಸರ್ಕಾರಿ ಗುರುತು, ಸಿಕ್ಕಿತು. ಕಿನ್ನಿಗೋಳಿಯ ತಾಳಿಪಾಡಿ ನೇಕಾರರ ಸಂಘದ ಕಡೆ ಹೋಗಲು ಸಾಧ್ಯವಾದರೆ ಒಂದು ಸಲ ಹೋಗಿ ಮಗ್ಗ ನೋಡಿ ಬನ್ನಿ. ಸುರತ್ಕಲ್‌ನಿಂದ ದೂರವೇನಲ್ಲ. ಹಾಸು ಯಾವುದು ಹೊಕ್ಕು ಯಾವುದು ಅನ್ನುವುದು ಕಣ್ಣಲ್ಲಿ ಒಮ್ಮೆ ಕೂತರೆ ಮತ್ತೆ ಯಾವತ್ತೂ ಬಟ್ಟೆ ಓರೆ ಕತ್ತರಿಸುವುದಿಲ್ಲ.

ಈಗ ಮುಖ್ಯದ್ದು, ಆರ್ಮ್‌ಹೋಲ್. ಬಿಗಿ ಆಯಿತು ಅಂತ ಇನ್ನೂ ಕೆಳಗೆ ಕತ್ತರಿಸಿದೆ ಅಂತ ಬರೆದಿದ್ದೀರಿ. ಇದೊಂದು ತಪ್ಪನ್ನು ನನ್ನ ಹತ್ತಿರ ಬಂದವರಲ್ಲಿ ಮಾಡದವರೇ ಇಲ್ಲ ಅನ್ನಬಹುದು. ತೂತು ದೊಡ್ಡದಾದರೆ ಕೈಗೆ ಜಾಗ ಜಾಸ್ತಿ ಸಿಗುತ್ತದೆ ಅಂತ ಯಾರಿಗಾದರೂ ಅನಿಸುವುದೇ. ಆಗುವುದು ಪೂರಾ ಉಲ್ಟಾ.

ಒಂದು ಸಣ್ಣ ಪರೀಕ್ಷೆ ಮಾಡಿ. ಈಗ ಮೈಮೇಲಿರುವ ನೈಟಿಯ ತೋಳನ್ನು, ಕಂಕುಳಿಗಿಂತ ನಾಲ್ಕು ಇಂಚು ಕೆಳಗೆ, ನೈಟಿಯ ಪಕ್ಕಕ್ಕೆ ಸೇಫ್ಟಿ ಪಿನ್ನಿನಿಂದ ಕೂಡಿಸಿ. ಬಾವಲಿಯ ರೆಕ್ಕೆ ಹಾಗೆ ಕಾಣುತ್ತದೆ. ಈಗ ಕೈ ಎತ್ತಿ. ಇಡೀ ನೈಟಿ ಮೇಲೆ ಬಂತು, ಅಲ್ವಾ? ಪಿನ್ ತೆಗೆದು ಎತ್ತಿ, ಅಷ್ಟು ಬರುವುದಿಲ್ಲ. ಆರ್ಮ್‌ಹೋಲ್ ಕೆಳಗೆ ಇಳಿದಷ್ಟೂ ನೀವು ಆ ಪಿನ್ನನ್ನು ಕೆಳಗೆ ಹಾಕುತ್ತಾ ಹೋದ ಹಾಗೆ. ತೋಳು ನಿಮ್ಮ ಕೈಗೆ ಅಂಟಿರುವ ಬದಲು ಕುರ್ತಾದ ಪಕ್ಕಕ್ಕೆ ಅಂಟಿರುತ್ತದೆ. ಕೈ ಮೇಲೆ ಹೋಗಬೇಕಾದರೆ ಪಕ್ಕವನ್ನೂ ಎಳೆದುಕೊಂಡೇ ಹೋಗಬೇಕು. ಆರ್ಮ್‌ಹೋಲ್ ಕಂಕುಳಿಗೆ ಹತ್ತಿರ, ಮೇಲೆ ಇದ್ದಷ್ಟೂ ಕೈ ಸಲೀಸು. ನೀರು ಸೇದುವಾಗ, ಬಟ್ಟೆ ಒಣಹಾಕುವಾಗ, ಬಸ್ಸಿನಲ್ಲಿ ಮೇಲಿನ ಸರಳು ಹಿಡಿಯುವಾಗ ಗೊತ್ತಾಗುತ್ತದೆ.

ಭುಜದಿಂದ ನೇರ ಕೆಳಗೆ ಆರ್ಮ್‌ಹೋಲಿನ ಆಳ ಎಷ್ಟು ಇಡಬೇಕು? ನಮ್ಮಲ್ಲಿ ಹೆಚ್ಚಿನವರು ಹಿಡಿಯುವ ಲೆಕ್ಕ ಎದೆ ಸುತ್ತಿನ ಆರನೇ ಒಂದು ಭಾಗಕ್ಕೆ ಒಂದೂವರೆ ಇಂಚು ಸೇರಿಸುವುದು. ಎದೆ 36 ಆದರೆ 6 ಮತ್ತು ಒಂದೂವರೆ, ಏಳೂವರೆ ಇಂಚು. ಇದು ಒಳ್ಳೆಯ ಆರಂಭ, ಆದರೆ ಲೆಕ್ಕಕ್ಕಿಂತ ಮೈ ದೊಡ್ಡದು. ಎದೆ ಒಂದೇ ಇದ್ದರೂ ಒಬ್ಬರ ಭುಜ ಇಳಿಜಾರು, ಇನ್ನೊಬ್ಬರದು ಚೌಕ. ಹಾಗಾಗಿ ಅಳೆದೇ ನೋಡಿ. ಒಂದು ಸ್ಕೇಲನ್ನು ಕಂಕುಳಲ್ಲಿ ಅಡ್ಡಕ್ಕೆ ಇಟ್ಟುಕೊಂಡು ಕೈ ಕೆಳಗೆ ಬಿಡಿ. ಭುಜದ ಮೂಳೆಯ ತುದಿಯಿಂದ ಸ್ಕೇಲಿನ ಮೇಲಂಚಿನ ತನಕ ಬೇರೆಯವರ ಹತ್ತಿರ ನೇರವಾಗಿ ಅಳೆಸಿ. ಅದಕ್ಕೆ ಮುಕ್ಕಾಲರಿಂದ ಒಂದು ಇಂಚು ಸೇರಿಸಿ. ಸ್ವಂತ ಅಳತೆಯನ್ನು ತಾನೇ ತೆಗೆಯಬಾರದು, ಕೈ ಎತ್ತಿ ಟೇಪ್ ಹಿಡಿದ ಕೂಡಲೇ ಮೈಯ ಅಳತೆ ಬದಲಾಗಿರುತ್ತದೆ. ನೀವು ಎರಡನೇ ಕುರ್ತಾಕ್ಕೆ ಎಷ್ಟು ಇಟ್ಟಿರಿ ಅಂತ ಬರೆದಿಲ್ಲ. ಒಂಬತ್ತು, ಒಂಬತ್ತೂವರೆ ಇರಬೇಕು ಅಂತ ನನ್ನ ಊಹೆ.

ಎಳೆತದ ಇನ್ನೊಂದು ಅರ್ಧ ತೋಳಿನಲ್ಲಿದೆ. ತೋಳು ಕತ್ತರಿಸಿ ಹರಡಿದರೆ ಮೇಲೆ ಒಂದು ಗುಡ್ಡದ ಹಾಗೆ ಬಾಗು ಇರುತ್ತದೆ, ಅದನ್ನು ಕ್ಯಾಪ್ ಅನ್ನುತ್ತಾರೆ. ಗುಡ್ಡ ಎತ್ತರ ಇದ್ದರೆ ತೋಳು ಕಿರಿದಾಗುತ್ತದೆ, ಕೈ ಕೆಳಗೆ ಬಿಟ್ಟಾಗ ಒಂದೂ ಸುಕ್ಕಿಲ್ಲದೆ ಚಂದ ಕಾಣುತ್ತದೆ, ಎತ್ತಿದರೆ ಎಳೆಯುತ್ತದೆ. ಗುಡ್ಡ ತಗ್ಗಿದರೆ ತೋಳು ಅಗಲವಾಗುತ್ತದೆ, ಕಂಕುಳಲ್ಲಿ ಒಂದೆರಡು ಸುಕ್ಕು ಬೀಳುತ್ತದೆ, ಆದರೆ ಕೈ ಆರಾಮಾಗಿ ಏಳುತ್ತದೆ. ಏಳೂವರೆ ಇಂಚಿನ ಆರ್ಮ್‌ಹೋಲಿನ ಬಾಗನ್ನು ಎದುರು ಮತ್ತು ಹಿಂದೆ ಸೇರಿಸಿ ಟೇಪ್ ನಿಲ್ಲಿಸಿ ಅಳೆದರೆ ಸುಮಾರು ಹದಿನಾರೂವರೆ ಬರುತ್ತದೆ. ಅದಕ್ಕೆ ಸರಿಹೊಂದುವ ತೋಳಿಗೆ ಕ್ಯಾಪ್ 5 ಇಂಚು ಇಟ್ಟರೆ ತೋಳಿನ ಅಗಲ 13ರ ಹತ್ತಿರ. ಅದೇ ಕ್ಯಾಪನ್ನು ಮೂರೂ ಕಾಲು ಇಂಚಿಗೆ ಇಳಿಸಿದರೆ ಅಗಲ 15. ಬಟ್ಟೆ ಅಷ್ಟೇ, ಆರ್ಮ್‌ಹೋಲೂ ಅಷ್ಟೇ, ಕೈಗೆ ಎರಡು ಇಂಚು ಜಾಗ ಸಿಕ್ಕಿತು. ಮನೆಯಲ್ಲಿ, ಕೆಲಸಕ್ಕೆ ತೊಡುವ ಕುರ್ತಾಕ್ಕೆ ಮೂರು, ಮೂರೂವರೆ ಇಂಚಿನ ಕ್ಯಾಪೇ ಸರಿ. ನಮ್ಮ ಸೆಕೆಗೆ ಕಂಕುಳಲ್ಲಿ ಗಾಳಿ ಆಡುವುದೂ ಬೇಕಲ್ಲ. ಮದುವೆ ಮನೆಗೆ ತೊಡುವುದಕ್ಕೆ ಬೇಕಾದರೆ ಎತ್ತರದ ಕ್ಯಾಪ್ ಇಟ್ಟುಕೊಳ್ಳಿ.

ತೋಳಿನ ಬಾಗು ಆರ್ಮ್‌ಹೋಲಿಗಿಂತ ಅರ್ಧ ಇಂಚು ಜಾಸ್ತಿ ಇದ್ದರೆ ತೊಂದರೆ ಇಲ್ಲ, ಭುಜದ ಹತ್ತಿರ ಮೆಲ್ಲಗೆ ಒಳಗೆ ಸೇರಿಸಿಕೊಳ್ಳಬಹುದು. ಕಡಿಮೆ ಇದ್ದರೆ ಮಾತ್ರ ಎಳೆದು ಹೊಲಿಯಬೇಡಿ, ಮತ್ತೆ ಕತ್ತರಿಸಿ. ಎದುರಿನ ಆರ್ಮ್‌ಹೋಲ್ ಹಿಂದಿನದಕ್ಕಿಂತ ಅರ್ಧ ಇಂಚು ಒಳಗೆ ಬಾಗಬೇಕು, ತೋಳಿನ ಎದುರು ಭಾಗವೂ ಹಾಗೇ. ಎದುರು ಹಿಂದೆ ಎರಡನ್ನೂ ಒಟ್ಟಿಗೆ ಇಟ್ಟು ಕತ್ತರಿಸುವಾಗ ಇದು ಮರೆತುಹೋಗುತ್ತದೆ. ಆಮೇಲೆ ಎರಡು ತೋಳನ್ನೂ ಮೇಜಿನ ಮೇಲೆ ಎದುರುಬದುರು ಇಟ್ಟು ನೋಡಿ, ಒಂದು ಎಡ ಒಂದು ಬಲ ಬಂದಿದೆಯಾ ಅಂತ. ಎರಡೂ ಬಲಗೈಯ ತೋಳೇ ಆಗಿರುವುದು ತುಂಬ ಸಲ ಕಂಡಿದ್ದೇನೆ.

ಇಷ್ಟೆಲ್ಲ ಲೆಕ್ಕ ಓದಿ ಹೆದರಬೇಡಿ. ಮುಂದಿನ ಕುರ್ತಾಕ್ಕೆ ಲೆಕ್ಕವೇ ಬೇಡ. ನಿಮ್ಮ ಹತ್ತಿರ ಇರುವ, ನಿಮಗೆ ಅತಿ ಹಿತವಾಗುವ ಹಳೇ ಕುರ್ತಾ ಒಂದನ್ನು ತೆಗೆಯಿರಿ. ಚೆನ್ನಾಗಿ ಇಸ್ತ್ರಿ ಮಾಡಿ, ಉದ್ದಕ್ಕೆ ಅರ್ಧ ಮಡಚಿ, ಉದಯವಾಣಿಯ ಎರಡು ಹಾಳೆ ಅಂಟಿಸಿ ಅದರ ಮೇಲೆ ಹರಡಿ. ಹೊಲಿಗೆಯ ಗುಂಟ ಗುಂಡುಪಿನ್ನಿನಿಂದ ಚುಚ್ಚುತ್ತಾ ಹೋಗಿ. ಕುರ್ತಾ ತೆಗೆದರೆ ಪೇಪರಿನ ಮೇಲೆ ಚುಕ್ಕೆಗಳು ಉಳಿಯುತ್ತವೆ, ಅವನ್ನು ಸೇರಿಸಿ ಗೆರೆ ಎಳೆಯಿರಿ. ಭುಜ ಮತ್ತು ಆರ್ಮ್‌ಹೋಲಿಗೆ ಅರ್ಧ ಇಂಚು, ಪಕ್ಕಕ್ಕೆ ಒಂದು ಇಂಚು, ಕೆಳಗೆ ಎರಡು ಇಂಚು ಹೊಲಿಗೆಗೆ ಬಿಡಿ. ಎದುರಿಗೆ ಒಂದು, ಹಿಂದಿನದ್ದಕ್ಕೆ ಒಂದು, ತೋಳಿಗೆ ಒಂದು ಪೇಪರ್. ಬಿಳಿ ಬಟ್ಟೆಗಾದರೆ ಪೇಪರಿನ ಮಸಿ ಹತ್ತುತ್ತದೆ, ಅದಕ್ಕೆ ಹಳೇ ಕ್ಯಾಲೆಂಡರಿನ ಹಿಂಬದಿ ಒಳ್ಳೆಯದು. ಮೊದಲು ಒಂದು ಹಳೇ ಬೆಡ್‌ಶೀಟಿನಲ್ಲಿ ಕತ್ತರಿಸಿ, ದೊಡ್ಡ ದೊಡ್ಡ ಹೊಲಿಗೆ ಹಾಕಿ, ತೊಟ್ಟು ನೋಡಿ. ಕೈ ಎತ್ತಿ, ಕೂರಿ, ಬಗ್ಗಿ. ತಪ್ಪು ಅಲ್ಲೇ ಸಿಕ್ಕಿಬೀಳುತ್ತದೆ, ಹೊಸ ಬಟ್ಟೆ ಉಳಿಯುತ್ತದೆ.

ಕೊರಳನ್ನು ಮಾತ್ರ ಎಲ್ಲದಕ್ಕಿಂತ ಕೊನೆಗೆ, ಅಂದುಕೊಂಡದ್ದಕ್ಕಿಂತ ಅರ್ಧ ಇಂಚು ಚಿಕ್ಕದಾಗಿ ಕತ್ತರಿಸಿ. ಹೊಲಿದು ತಿರುಗಿಸಿದಾಗ ಅದು ತಾನಾಗಿಯೇ ದೊಡ್ಡದಾಗುತ್ತದೆ. ಎದುರೂ ಹಿಂದೂ ಎರಡೂ ಆಳ ಮಾಡಬೇಡಿ, ಭುಜ ಜಾರುತ್ತದೆ. ಕೊರಳಿನ ಅಂಚು ಮುಚ್ಚಲು ಹಾಕುವ ಪಟ್ಟಿ, ಅಂದರೆ ಕ್ರಾಸ್ ಪೀಸ್, ನಿಜವಾಗಿಯೂ ಓರೆಯಾಗಿ, ಮೂಲೆಯಿಂದ ಮೂಲೆಗೆ ಕತ್ತರಿಸಿದ್ದಾಗಿರಬೇಕು, ಒಂದೂ ಕಾಲು ಇಂಚು ಅಗಲ ಸಾಕು. ನೇರ ಪಟ್ಟಿ ಬಾಗಿದ ಕಡೆ ಕೂರುವುದಿಲ್ಲ, ಸುಕ್ಕು ಸುಕ್ಕಾಗಿ ನಿಲ್ಲುತ್ತದೆ.

ನೂಲು ತುಂಡಾಗುವ ವಿಷಯ. ಮೆಷಿನ್ ಜೊತೆ ಅತ್ತೆಯವರ ನೂಲಿನ ಡಬ್ಬಿಯೂ ಸಿಕ್ಕಿರಬೇಕು, ಅದರಲ್ಲಿದ್ದ ರೀಲುಗಳನ್ನೇ ಹಾಕಿದ್ದೀರಾ? ಹಳೇ ಕಾಟನ್ ನೂಲು ನಮ್ಮ ತೇವಕ್ಕೆ ಕೊಳೆತಿರುತ್ತದೆ. ಒಂದು ಮೊಳ ಬಿಚ್ಚಿ ಎರಡೂ ಕೈಯಲ್ಲಿ ಎಳೆಯಿರಿ. ಪಟ್ಟನೆ ತುಂಡಾದರೆ ಅದನ್ನು ಮೆಷಿನ್‌ಗೆ ಹಾಕಲೇಬೇಡಿ. ಹೊಸ ಪಾಲಿಯೆಸ್ಟರ್ ನೂಲು ತನ್ನಿ. ಸೂಜಿಯೂ ಹೊಸದು. ಸಾಧಾರಣ ಕಾಟನ್‌ಗೆ 14 ನಂಬರ್, ಮಲ್‌ಮಲ್‌ನಂಥ ತೆಳುವಾದದ್ದಕ್ಕೆ 11. ಸೂಜಿಯ ಒಂದು ಬದಿಯಲ್ಲಿ ಉದ್ದಕ್ಕೆ ಗೀರಿನಂಥ ಕಾಲುವೆ ಇರುತ್ತದೆ. ನೂಲು ಹಾಯುವ ಕೊನೆಯ ಕೊಂಡಿ ಯಾವ ಬದಿಗಿದೆಯೋ ಆ ಬದಿಗೆ ಆ ಕಾಲುವೆ ಬರಬೇಕು, ನೂಲನ್ನೂ ಆ ಬದಿಯಿಂದಲೇ ಪೋಣಿಸಬೇಕು. ಉಲ್ಟಾ ಕೂರಿಸಿದರೆ ಹೊಲಿಗೆ ಬಿಡುತ್ತದೆ, ನೂಲು ಸವೆದು ತುಂಡಾಗುತ್ತದೆ.

ಎಣ್ಣೆ ಯಾವುದು ಹಾಕಿದ್ದೀರಿ? ನಮ್ಮ ಮನೆಗಳಲ್ಲಿ ಕೈಗೆ ಸಿಗುವುದು ತೆಂಗಿನೆಣ್ಣೆ. ಅದನ್ನು ಹಾಕಿದರೆ ಎರಡು ದಿನ ಮೆಷಿನ್ ಹಗುರವಾಗಿ ಓಡುತ್ತದೆ, ಆಮೇಲೆ ಎಣ್ಣೆ ಅಂಟಾಗಿ ಧೂಳನ್ನೂ ನೂಲಿನ ಹೊಟ್ಟನ್ನೂ ಹಿಡಿದು ಕೂರುತ್ತದೆ. ಹಾಗೇನಾದರೂ ಆಗಿದ್ದರೆ ತೂತುಗಳಿಗೆ ಎರಡೆರಡು ಹನಿ ಸೀಮೆಎಣ್ಣೆ ಬಿಟ್ಟು, ನೂಲಿಲ್ಲದೆ ಐದು ನಿಮಿಷ ತುಳಿದು, ಹೊರಬಂದ ಕಪ್ಪನ್ನು ಒರೆಸಿ. ಆಮೇಲೆ ಹೊಲಿಗೆ ಮೆಷಿನ್ ಎಣ್ಣೆಯನ್ನೇ ಹಾಕಿ. ಸೂಜಿಯ ಅಡಿಯಲ್ಲಿರುವ ಶಟಲ್ ಬಿಚ್ಚಿ ಬ್ರಷ್‌ನಿಂದ ಹೊಟ್ಟು ತೆಗೆಯಿರಿ. ಮಳೆಗಾಲದಲ್ಲಿ ವಾರಕ್ಕೊಮ್ಮೆ ಹೊಲಿಯದಿದ್ದರೂ ಒಂದಿಷ್ಟು ತುಳಿಯಿರಿ, ಇಲ್ಲದಿದ್ದರೆ ತುಕ್ಕು. ಗುಂಡುಪಿನ್ನುಗಳನ್ನೂ ರಾತ್ರಿಯಿಡೀ ಬಟ್ಟೆಯಲ್ಲಿ ಬಿಡಬೇಡಿ, ತುಕ್ಕಿನ ಕಲೆ ಗೇರುಹಣ್ಣಿನ ಕಲೆಯ ಹಾಗೆ ಕೂತುಬಿಡುತ್ತದೆ. ಚರ್ಮದ ಬೆಲ್ಟ್ ಸಡಿಲಾಗಿ ಚಕ್ರ ಜಾರುತ್ತಿದ್ದರೆ ಸ್ವಲ್ಪ ಕತ್ತರಿಸಿ ಮತ್ತೆ ಕೊಕ್ಕೆ ಹಾಕಿ.

ಬಟ್ಟೆಯ ಅಡಿಯಲ್ಲಿ ನೂಲು ಗುಂಗುರು ಗುಂಗುರಾಗಿ ಬಂದರೆ ಎಲ್ಲರೂ ಅಡಿಯ ನೂಲು ಇಡುವ ಬಾಬಿನ್ ಕೇಸನ್ನು ಬೈಯುತ್ತಾರೆ. ಆದರೆ ಅಡಿಯಲ್ಲಿ ಗುಂಗುರು ಬರುವುದು ಮೇಲಿನ ನೂಲು ಸಡಿಲ ಇದ್ದಾಗ. ಹೆಚ್ಚಾಗಿ ಅದು ನೂಲನ್ನು ಬಿಗಿ ಹಿಡಿಯುವ ಟೆನ್ಷನ್ ತಟ್ಟೆಗಳ ನಡುವೆ ಕೂತೇ ಇರುವುದಿಲ್ಲ. ಬಟ್ಟೆ ಒತ್ತಿ ಹಿಡಿಯುವ ಫೂಟ್ ಮೇಲೆತ್ತಿ ನೂಲನ್ನು ಮೊದಲಿನಿಂದ ಪೋಣಿಸಿ, ಆಮೇಲೆ ನೋಡಿ. ಬಾಬಿನ್ ಕೇಸನ್ನು ನೂಲು ಹಿಡಿದು ನೇತುಹಾಕಿದರೆ ಅದು ತಾನಾಗಿ ಜಾರಬಾರದು, ಸಣ್ಣಗೆ ಕೈ ಕುಲುಕಿದರೆ ಒಂದೆರಡು ಇಂಚು ಇಳಿಯಬೇಕು. ಅಷ್ಟಿದ್ದರೆ ಅದರ ತಿರುಪನ್ನು ಮುಟ್ಟಲೇಬೇಡಿ.

ಅಂದಹಾಗೆ ಈ ಕಪ್ಪು ಮೆಷಿನ್‌ಗಳನ್ನು ನಾನು ತುಂಬ ಇಷ್ಟಪಡುತ್ತೇನೆ. ನೇರ ಹೊಲಿಗೆ ಬಿಟ್ಟರೆ ಬೇರೇನೂ ಬರುವುದಿಲ್ಲ, ಆದರೆ ಆ ನೇರ ಹೊಲಿಗೆ ಎಷ್ಟು ಚಂದ. ಕಾಲಿನ ವೇಗ ನಿಮ್ಮ ಹಿಡಿತದಲ್ಲಿ ಇರುತ್ತದೆ, ಕರೆಂಟ್ ಹೋದರೂ ಕೆಲಸ ನಿಲ್ಲುವುದಿಲ್ಲ. ಹತ್ತು ಉಡುಪು ಹೊಲಿದ ಮೇಲೂ ಆಸಕ್ತಿ ಇದ್ದರೆ ಆಗ ಜಿಗ್‌ಜಾಗ್ ಬರುವ ಮೆಷಿನ್ ನೋಡೋಣ. ಅಂಗೈಯಲ್ಲಿ ಹಿಡಿಯುವ ಪುಟ್ಟ ಮೆಷಿನ್‌ಗಳನ್ನು ಮಾತ್ರ ತೆಗೆದುಕೊಳ್ಳಬೇಡಿ. ಅವುಗಳಲ್ಲಿ ಹೆಚ್ಚಿನವು ಒಂದೇ ನೂಲಿನಲ್ಲಿ ಸರಪಳಿ ಹೊಲಿಗೆ ಹಾಕುವಂಥವು, ತುದಿ ಸಿಕ್ಕಿ ಎಳೆದರೆ ಇಡೀ ಸಾಲು ಬಿಚ್ಚಿಬರುತ್ತದೆ.

ಅಂಚಿನ ನೂಲು ಬಿಚ್ಚದ ಹಾಗೆ ಹೊಲಿಯುವ ಓವರ್‌ಲಾಕ್ ಮೆಷಿನ್ ಇಲ್ಲ ಅನ್ನುವ ಚಿಂತೆಯೂ ಬೇಡ. ತೆಳು ಕಾಟನ್‌ಗೆ ಫ್ರೆಂಚ್ ಹೊಲಿಗೆ ಹಾಕಿ. ಮೊದಲು ಬಟ್ಟೆಯ ಒಳಬದಿಗಳು ಒಂದಕ್ಕೊಂದು ತಾಗುವ ಹಾಗೆ ಇಟ್ಟು ಕಾಲು ಇಂಚಿನಲ್ಲಿ ಹೊಲಿಯಿರಿ, ಎಳೆಗಳನ್ನು ಕತ್ತರಿಸಿ, ತಿರುಗಿಸಿ ಇಸ್ತ್ರಿ ಮಾಡಿ, ಈಗ ಹೊರಬದಿಗಳು ಸೇರುವ ಹಾಗೆ ಇನ್ನೊಂದು ಹೊಲಿಗೆ, ಸುಮಾರು ಮೂರೆಂಟಾಂಶ ಇಂಚಿನಲ್ಲಿ. ಹಸಿ ಅಂಚು ಒಳಗೇ ಮುಚ್ಚಿಹೋಗುತ್ತದೆ. ದಿನಾ ಬೆವರಿ ದಿನಾ ಒಗೆಯುವ ನಮ್ಮ ಊರಿನ ಬಟ್ಟೆಗೆ ಇದಕ್ಕಿಂತ ಗಟ್ಟಿ ಹೊಲಿಗೆ ಬೇಕಾಗಿಲ್ಲ. ಮತ್ತೆ ಪ್ರತಿ ಹೊಲಿಗೆ ಆದ ಮೇಲೂ ಇಸ್ತ್ರಿ. ಕೊನೆಗೆ ಒಟ್ಟಿಗೆ ಮಾಡಿದರಾಯಿತು ಅಂದರೆ ಆಗುವುದಿಲ್ಲ. ಟೈಲರ್ ಹೊಲಿದದ್ದಕ್ಕೂ ಮನೆಯಲ್ಲಿ ಹೊಲಿದದ್ದಕ್ಕೂ ಕಣ್ಣಿಗೆ ಕಾಣುವ ವ್ಯತ್ಯಾಸದಲ್ಲಿ ಅರ್ಧ ಇದೇ.

ಬಟ್ಟೆ ತರುವಾಗ ಕೇಂಬ್ರಿಕ್ ಅಥವಾ ಪಾಪ್ಲಿನ್ ತನ್ನಿ, 44 ಇಂಚು ಅಗಲದ್ದು ಎರಡೂವರೆ ಮೀಟರ್. ರೇಯಾನ್ ಕತ್ತರಿ ಕೆಳಗೆ ಜಾರುತ್ತದೆ, ಈಗ ಬೇಡ. ಮಂಗಳೂರಿನ ಹಂಪನಕಟ್ಟೆಯಲ್ಲೋ ಉಡುಪಿ ರಥಬೀದಿಯಲ್ಲೋ ಪೂರಾ ಕಾಟನ್ ಅಂತ ಹೇಳಿ ಕೊಟ್ಟದ್ದರ ಬಗ್ಗೆ ಅನುಮಾನ ಬಂದರೆ, ಮನೆಗೆ ಬಂದು ಅಂಚಿನ ಎರಡು ನೂಲು ಕಿತ್ತು ಸುಟ್ಟು ನೋಡಿ. ಕಾಟನ್ ಆದರೆ ಕಾಗದ ಸುಟ್ಟ ವಾಸನೆ, ಮುಟ್ಟಿದರೆ ಪುಡಿಯಾಗುವ ಬೂದಿ. ಪಾಲಿಯೆಸ್ಟರ್ ಸೇರಿದ್ದರೆ ಕರಗಿ ಗಟ್ಟಿ ಮಣಿಯಾಗುತ್ತದೆ, ನಮ್ಮ ಸೆಕೆಗೆ ಅದು ಆಗುವುದಿಲ್ಲ.

ಕ್ಲಾಸಿನ ಬಗ್ಗೆ. ನಿಮ್ಮ ಬಟ್ಟೆ ನೀವೇ ಹೊಲಿಯಬೇಕು ಅನ್ನುವಷ್ಟಕ್ಕೆ ಆದರೆ ಹತ್ತಿರದ ಯಾರಾದರೂ ಟೈಲರ್ ಅಕ್ಕನ ಹತ್ತಿರ ವಾರಕ್ಕೆ ಎರಡು ದಿನ ಕೂತರೆ ಸಾಕು. ಅವರು ಕತ್ತರಿಸುವಾಗ ನೋಡಿ, ಹೊಲಿಯುವಾಗ ಅಲ್ಲ. ಮುಂದೆ ಇದನ್ನೇ ದುಡಿಮೆ ಮಾಡಿಕೊಳ್ಳುವ ಮನಸ್ಸಿದ್ದರೆ ಉಜಿರೆಯ ರುಡ್‌ಸೆಟ್ ಸಂಸ್ಥೆಯಲ್ಲಿ ವಿಚಾರಿಸಿ. 1982ರಲ್ಲಿ ಶುರುವಾದದ್ದು, ಅಲ್ಲೇ ಉಳಿದುಕೊಂಡು ಉಚಿತವಾಗಿ ಕಲಿಯುವ ತರಬೇತಿಗಳಲ್ಲಿ ಹೆಂಗಸರ ಹೊಲಿಗೆಯೂ ಇದೆ. ಐಟಿಐಗಳಲ್ಲಿ ಹೊಲಿಗೆಗೆ ಒಂದು ವರ್ಷದ ಕೋರ್ಸ್ ಇದೆ.

ರೆಡಿಮೇಡ್ ಒಳ್ಳೆಯದಾ ಅಂತ ಕೇಳಿದಿರಿ. ದುಡ್ಡಿನ ಲೆಕ್ಕಕ್ಕೆ ನೋಡಿದರೆ ಮೊದಲ ವರ್ಷ ಏನೂ ಉಳಿಯುವುದಿಲ್ಲ, ಬಟ್ಟೆ, ನೂಲು, ಹಾಳಾದದ್ದು ಎಲ್ಲ ಸೇರಿ ಒಂದಷ್ಟು ಹೋಗುತ್ತದೆ. ಆದರೆ ರೆಡಿಮೇಡ್ ಹೊಲಿಯುವುದು ಎಂ, ಎಲ್ ಅನ್ನುವ ಅಳತೆಗೆ. ನಿಮ್ಮ ಒಂದು ಭುಜ ಇನ್ನೊಂದಕ್ಕಿಂತ ತುಸು ತಗ್ಗಿದೆ, ನಿಮ್ಮ ಕೈ ಇಷ್ಟೇ ದಪ್ಪ, ನಿಮಗೆ ಬಲಗಡೆ ಮೊಬೈಲ್ ಹಿಡಿಯುವಷ್ಟು ಆಳದ ಜೇಬು ಬೇಕು, ಇದೆಲ್ಲ ಅವರಿಗೆ ಗೊತ್ತಾಗುವುದು ಹೇಗೆ? ನಿಮ್ಮ ಮೈಗೆ ಸರಿಯಾಗಿ ಕೂತ ಒಂದು ಕುರ್ತಾದ ಪೇಪರ್ ಒಮ್ಮೆ ಸಿದ್ಧವಾದರೆ ಮುಂದಿನ ಹತ್ತು ಕುರ್ತಾಕ್ಕೂ ಅದೇ ಆಗುತ್ತದೆ. ಚೌತಿ ಹತ್ತಿರ ಬಂದಾಗ ಟೈಲರ್ ಅಂಗಡಿಗೆ ನಾಲ್ಕು ಸಲ ನಡೆಯುವುದೂ ತಪ್ಪುತ್ತದೆ.

ಕೊನೆಗೆ ಆ ಎರಡು ಕುರ್ತಾ. ಬಿಸಾಡಬೇಡಿ. ತಿರುಗಿದ್ದನ್ನು ಸೊಂಟದ ಕೆಳಗೆ ಕತ್ತರಿಸಿ ಗಿಡ್ಡ ಟಾಪ್ ಮಾಡಿ. ಉದ್ದ ಕಡಿಮೆಯಾದಷ್ಟೂ ತಿರುಗಿದ್ದು ಕಾಣುವುದಿಲ್ಲ. ಕತ್ತರಿಸಿದ ಭಾಗದಲ್ಲಿ ಕ್ರಾಸ್ ಪೀಸ್ ತೆಗೆದಿಡಿ.

ಎಳೆಯುವ ಕುರ್ತಾಕ್ಕೆ ಕಂಕುಳಲ್ಲಿ ಒಂದು ಚೌಕ ಕೂರಿಸಬಹುದು, ಹಳೇ ಕಾಲದ ಜುಬ್ಬಾಗಳಲ್ಲಿ ಇರುತ್ತಿತ್ತಲ್ಲ, ಅದೇ. ಅದೇ ಬಟ್ಟೆಯಲ್ಲಿ 4 ಇಂಚಿನ ಚೌಕ ಎರಡು ಕತ್ತರಿಸಿ, ಸುತ್ತ ಅರ್ಧ ಇಂಚು ಹೊಲಿಗೆಗೆ ಹೋಗಿ 3 ಇಂಚು ಉಳಿಯುತ್ತದೆ. ಕಂಕುಳಿನಿಂದ ತೋಳಿನ ಅಡಿ ಹೊಲಿಗೆಯನ್ನು 3 ಇಂಚು, ಕುರ್ತಾದ ಪಕ್ಕದ ಹೊಲಿಗೆಯನ್ನು 3 ಇಂಚು ಬಿಚ್ಚಿ. ಆರ್ಮ್‌ಹೋಲಿನ ಹೊಲಿಗೆ ಬಿಚ್ಚಬೇಡಿ. ಈಗ ನಾಲ್ಕು ಅಂಚಿನ ಒಂದು ಬಾಯಿ ಕಾಣುತ್ತದೆ. ಚೌಕವನ್ನು ವಜ್ರದ ಹಾಗೆ ತಿರುಗಿಸಿ ಹಿಡಿದು, ಒಂದು ಮೂಲೆ ತೋಳಿನ ಕಡೆಗೆ, ಅದರ ಎದುರಿನ ಮೂಲೆ ಕುರ್ತಾದ ಪಕ್ಕದ ಕಡೆಗೆ ಬರುವ ಹಾಗೆ ಮೊದಲು ಕೈಯಲ್ಲೇ ಕಚ್ಚಾ ಹೊಲಿಗೆ ಹಾಕಿ. ಮೂಲೆಯಿಂದ ಮೂಲೆಗೆ ಒಂದೊಂದೇ ಅಂಚು ಮೆಷಿನ್‌ನಲ್ಲಿ ಹೊಲಿಯಿರಿ, ಮೂಲೆ ಬಂದಾಗ ಸೂಜಿ ಬಟ್ಟೆಯೊಳಗೇ ಇರಲಿ, ಫೂಟ್ ಎತ್ತಿ ಬಟ್ಟೆ ತಿರುಗಿಸಿ. ಮೊದಲನೇ ಕಂಕುಳಿಗೆ ಒಂದು ಗಂಟೆ ಹಿಡಿಯುತ್ತದೆ, ಎರಡನೆಯದಕ್ಕೆ ಅರ್ಧ ಗಂಟೆ. ಎಡಗೈಯದ್ದನ್ನು ಮೊದಲು ಮಾಡಿ, ತೊಟ್ಟು ಎರಡೂ ಕೈ ಎತ್ತಿ ನೋಡಿ. ಆಮೇಲೆ ಆರ್ಮ್‌ಹೋಲ್ ಎಷ್ಟು ಇಂಚು ಇಟ್ಟಿದ್ದಿರಿ, ಕ್ಯಾಪ್ ಎಷ್ಟು ಅನ್ನುವುದನ್ನು ನನಗೆ ಬರೆಯಿರಿ. ತೋಳಿನ ಪೇಪರನ್ನು ಅದರ ಪ್ರಕಾರ ಸರಿಮಾಡಿ ಹೇಳುತ್ತೇನೆ.